ಫಾರಿನ್ ಲ್ಯಾಪ್‌ಟಾಪ್ ಮತ್ತು ಅಪ್ಪನ ಚೀಟಿ ದುಡ್ಡು

ವಿದೇಶಕ್ಕೆ ಹೊರಟವರ ಸೂಟ್‌ಕೇಸು ಹೋಗುವಾಗ ಅಮ್ಮನದ್ದು, ಬರುವಾಗ ಬಂಧುಬಳಗದ್ದು. ಹೋಗುವಾಗ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ. ಬರುವಾಗ ಫೋನು, ಸ್ಮಾರ್ಟ್‌ವಾಚು, ಇಯರ್‌ಬಡ್ಸು, ಲ್ಯಾಪ್‌ಟಾಪು. ಆನ್‌ಸೈಟ್ ಹೋಗಿ ಬಂದಿರೋ ಯಾರನ್ನೇ ಕೇಳಿ, ವೀಸಾ ಬರುವ ಮೊದಲೇ ಪಟ್ಟಿ ಬಂದಿರುತ್ತೆ. "ಅಲ್ಲಿ ಚೀಪಂತೆ, ಒಂಚೂರು ನೋಡು" ಅನ್ನೋ ಮಾತಿನಿಂದ ಶುರುವಾಗುವ ಪಟ್ಟಿ ಅದು.

ನನ್ನ ಸರದಿ ಬಂದದ್ದು 2023ರ ಆಗಸ್ಟ್‌ನಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಕ್ಲೈಂಟ್ ಆಫೀಸಿನಲ್ಲಿ ಹನ್ನೊಂದು ವಾರದ ಕೆಲಸ. ಅದೇ ವರ್ಷ ತಂಗಿಗೆ ಸಿಇಟಿ ಮೂಲಕ ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ನಮ್ಮದು ತೀರ್ಥಹಳ್ಳಿ. ಅಪ್ಪನದು ಒಂದು ಪುಟ್ಟ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಮಗಳ ಲ್ಯಾಪ್‌ಟಾಪ್‌ಗೆ ಅಂತಲೇ ಎರಡು ವರ್ಷ ಕಟ್ಟಿದ ಚೀಟಿ ಎತ್ತಿ 70 ಸಾವಿರ ತೆಗೆದಿಟ್ಟಿದ್ದರು. ನಾನು ಹೊರಡೋದು ಖಾತ್ರಿ ಆದ ಮೇಲೆ ಆ ದುಡ್ಡು ನನ್ನ ಅಕೌಂಟಿಗೆ ಬಂತು. "ಅಲ್ಲಿಂದಲೇ ತಾ ಮಾರಾಯ, ಒಳ್ಳೇ ಮಾಲು ಸಿಗುತ್ತೆ" ಅಂದರು.

ಸಾಲದ್ದಕ್ಕೆ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಇನ್ನು ಪರವಾನಗಿ ಬೇಕು ಅಂತ ಆದೇಶ ಹೊರಡಿಸಿತು. ಮರುದಿನವೇ ಅದನ್ನು ಅಕ್ಟೋಬರ್ 31ರ ತನಕ ಮುಂದಕ್ಕೆ ಹಾಕಿದರು. ಪ್ರಯಾಣಿಕರು ಬ್ಯಾಗಿನಲ್ಲಿ ತರುವುದಕ್ಕೆ ಅದು ಅನ್ವಯಿಸುತ್ತಲೂ ಇರಲಿಲ್ಲ. ಆದರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡಿದ್ದು ಮೊದಲನೇ ಸುದ್ದಿ ಮಾತ್ರ: "ಇನ್ಮೇಲೆ ಇಲ್ಲಿ ಲ್ಯಾಪ್‌ಟಾಪ್ ಸಿಗಲ್ಲವಂತೆ, ರೇಟು ಡಬಲ್ ಆಗುತ್ತಂತೆ." ಅಪ್ಪನಿಗೆ ಅಷ್ಟು ಸಾಕಾಯ್ತು.

ಅಪ್ಪನ ನಂಬಿಕೆಗೆ ಕಾರಣವೂ ಇತ್ತು. ಎಂಬತ್ತರ ದಶಕದಲ್ಲಿ ದೂರದ ನೆಂಟರೊಬ್ಬರು ಕುವೈತ್‌ನಿಂದ ಟೂ-ಇನ್-ಒನ್ ತಂದಿದ್ದರಂತೆ. ರೇಡಿಯೋನೂ ಹೌದು, ಟೇಪ್‌ರೆಕಾರ್ಡರೂ ಹೌದು. ಅದನ್ನು ನೋಡೋಕೆ ಕೇರಿಯೇ ಸೇರುತ್ತಿತ್ತಂತೆ. 1991ಕ್ಕೆ ಮೊದಲು ಅಂಥ ಸಾಮಾನು ಇಲ್ಲಿ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ, ಸಿಕ್ಕರೂ ಮುಟ್ಟುವ ಹಾಗಿರಲಿಲ್ಲ. ಆ ಕಾಲದವರಿಗೆ ಫಾರಿನ್ ಅಂದರೆ ಗುಣಮಟ್ಟ, ಗೌರವ ಎರಡೂ. ನಮ್ಮ ಮನೆಯಿಂದ ವಿದೇಶಕ್ಕೆ ಹೋದ ಮೊದಲಿಗ ನಾನು. ಮಗ ತಂದ ಲ್ಯಾಪ್‌ಟಾಪನ್ನು ಮಗಳು ಬಳಸಬೇಕು ಅನ್ನೋ ಆಸೆ ಬರೀ ದುಡ್ಡಿನ ಲೆಕ್ಕ ಆಗಿರಲಿಲ್ಲ.

ಸ್ಟುಟ್‌ಗಾರ್ಟ್‌ಗೆ ಹೋದ ಮೇಲೆ ಮೊದಲು ಎದುರಾಗೋದು ಗೋಡೆಯ ಪ್ಲಗ್ ಪಾಯಿಂಟು. ಅಲ್ಲಿನದು ಒಳಕ್ಕೆ ತಗ್ಗಾದ ದುಂಡು ಸಾಕೆಟ್, ಎರಡೇ ತೂತು. ನಮ್ಮ ಫೋನ್ ಚಾರ್ಜರಿನ ಸಣ್ಣ ಎರಡು ಪಿನ್ ಸಾಮಾನ್ಯವಾಗಿ ಅದಕ್ಕೆ ಕೂರುತ್ತೆ, ಲ್ಯಾಪ್‌ಟಾಪಿನ ಮೂರು ಪಿನ್ ಕೂರಲ್ಲ. ಅಡಾಪ್ಟರ್ ಒಯ್ಯಬಹುದು. ಅದಕ್ಕಿಂತ ಸುಲಭ ಇನ್ನೊಂದಿದೆ: ಚಾರ್ಜರಿನ ಕಪ್ಪು ಡಬ್ಬಿಯಿಂದ ಗೋಡೆಗೆ ಹೋಗುವ ವೈರು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಬಿಚ್ಚಿ ಬರುತ್ತೆ. ಆ ವೈರೊಂದನ್ನೇ ಅಲ್ಲಿ ಕೆಲವು ಯೂರೋಗೆ ಕೊಂಡರೆ ಅಡಾಪ್ಟರಿನ ಸಹವಾಸವೇ ಬೇಡ, ಅರ್ಥಿಂಗ್ ಕೂಡ ಸರಿಯಾಗಿ ಸಿಗುತ್ತೆ. ನಮ್ಮ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಒಯ್ದರೆ ಒಂದೇ ಅಡಾಪ್ಟರಿನಲ್ಲಿ ಮಿಕ್ಕ ಸಣ್ಣಪುಟ್ಟ ಚಾರ್ಜರ್‌ಗಳೆಲ್ಲ ನಡೆಯುತ್ತವೆ.

ಆದರೆ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತೆ, ವೋಲ್ಟೇಜ್ ಬದಲಿಸಲ್ಲ. ಜರ್ಮನಿಯಲ್ಲಿ ನಮ್ಮ ಹಾಗೇ 230 ವೋಲ್ಟ್, ತೊಂದರೆ ಇಲ್ಲ. ಅಮೆರಿಕದಲ್ಲಿ 120, ಜಪಾನಿನಲ್ಲಿ 100. ಚಾರ್ಜರ್ ಮೇಲೆ "ಇನ್‌ಪುಟ್ 100–240 ವೋಲ್ಟ್" ಅಂತ ಬರೆದಿದ್ದರೆ ಎಲ್ಲ ಕಡೆ ಓಡುತ್ತೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಮಿಕ್ಸಿ, ರೈಸ್ ಕುಕ್ಕರ್ ಆ ಜಾತಿಯಲ್ಲ. ನಮ್ಮ ಟೀಮಿನ ಹುಡುಗಿಯೊಬ್ಬಳು ಅಮೆರಿಕದಿಂದ ತಂದ ಹೇರ್ ಡ್ರೈಯರನ್ನು ಬೆಂಗಳೂರಿನ ಪಿಜಿಯಲ್ಲಿ ಚುಚ್ಚಿ ಸ್ವಿಚ್ ಒತ್ತಿದಳು. ಕೂದಲು ಒಣಗಲಿಲ್ಲ, ರೂಮು ತುಂಬಾ ಹೊಗೆ.

ಎರಡನೇ ಪಾಠ ಕೀಬೋರ್ಡಿನದು. ಕ್ಲೈಂಟ್ ಆಫೀಸಿನ ಜರ್ಮನ್ ಕೀಬೋರ್ಡಿನಲ್ಲಿ ವೈ ಇರಬೇಕಾದ ಜಾಗದಲ್ಲಿ ಝಡ್, ಝಡ್ ಜಾಗದಲ್ಲಿ ವೈ. @ ಬೇಕಂದರೆ ಬಲಗಡೆಯ ಆಲ್ಟ್ ಹಿಡಿದು ಕ್ಯೂ ಒತ್ತಬೇಕು. ಕೋಡ್ ಬರೆಯೋರ ಉಸಿರೇ ಆಗಿರೋ ಕರ್ಲಿ ಬ್ರಾಕೆಟ್ಟಿಗೆ ಅದೇ ಆಲ್ಟ್ ಹಿಡಿದು ತೆರೆಯೋಕೆ 7, ಮುಚ್ಚೋಕೆ 0. ಏಳು ವರ್ಷದಿಂದ ಕೀಲಿ ನೋಡದೆ ಟೈಪ್ ಮಾಡುವ ಕೈ ಮೊದಲ ವಾರ ಒಂದನೇ ಕ್ಲಾಸಿನ ಮಗುವಿನ ಥರ ತಡಕಾಡಿತು. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ ಮಾಡಿಕೊಳ್ಳಬಹುದು, ನಿಜ. ಆದರೆ ಕೀಲಿಯ ಮೇಲೆ ಅಚ್ಚಾದ ಅಕ್ಷರ ಬದಲಾಗಲ್ಲ. ಎಡಗಡೆಯ ಶಿಫ್ಟ್ ಕೂಡ ಮೊಟಕು. ನನ್ನ ಕೈ ಹೇಗೋ ಹೊಂದಿಕೊಳ್ಳುತ್ತೆ. ಆಗಷ್ಟೇ ಸಿ ಪ್ರೋಗ್ರಾಮ್ ಕಲಿಯೋಕೆ ಕೂತಿರುವ ತಂಗಿಗೆ, ಒತ್ತಿದ್ದೊಂದು ಬಂದದ್ದೊಂದು ಆಗುವ ಕೀಬೋರ್ಡ್ ಕೊಡೋದು ಹೇಗೆ?

ಒಂದು ಶನಿವಾರ ಕ್ಯೋನಿಗ್‌ಸ್ಟ್ರಾಸೆ ಎಂಬ ಅಲ್ಲಿನ ದೊಡ್ಡ ಪೇಟೆಬೀದಿಗೆ ಹೋಗಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಹೊಕ್ಕೆ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಹೋಗೋರು ನೆನಪಿಡಿ. ತಂಗಿಗೆ ಬೇಕಾದ ಮಟ್ಟದ ಲ್ಯಾಪ್‌ಟಾಪ್ 799 ಯೂರೋ. ಅದೇ ಮಾಡೆಲ್ ಇಲ್ಲಿ ಸುಮಾರು 68,500 ರೂಪಾಯಿಗೆ ಸಿಗುತ್ತಿತ್ತು. ಆಗ ಯೂರೋ 90 ರೂಪಾಯಿ ಆಸುಪಾಸು. ರಾತ್ರಿ ರೂಮಿಗೆ ಬಂದು ಲೆಕ್ಕ ಹಾಕಿದೆ. 799ಕ್ಕೆ ಸುಮಾರು 71,900. ನನ್ನ ಕಾರ್ಡ್ ವಿದೇಶಿ ವ್ಯವಹಾರಕ್ಕೆ ಹಾಕುವ 3.5 ಪರ್ಸೆಂಟ್ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 3,000. ಒಟ್ಟು 74,900.

ಇನ್ನು ವ್ಯಾಟ್ ರಿಫಂಡ್. ಜರ್ಮನಿಯ ಬೆಲೆಪಟ್ಟಿಯಲ್ಲಿ 19 ಪರ್ಸೆಂಟ್ ವ್ಯಾಟ್ ಸೇರಿಕೊಂಡೇ ಇರುತ್ತೆ. ಯೂರೋಪಿಯನ್ ಯೂನಿಯನ್ನಿನ ಹೊರಗೆ ಮನೆ ಇರುವವರು ಅಂಗಡಿಯಲ್ಲಿ ಫಾರ್ಮ್ ತುಂಬಿಸಿಕೊಂಡು, ವಿಮಾನ ಹತ್ತುವ ದಿನ ಸಾಮಾನು ತೋರಿಸಿ ಕಸ್ಟಮ್ಸ್ ಸೀಲು ಹಾಕಿಸಿದರೆ ಅದು ವಾಪಸ್. ಸಾಮಾನು ಸೂಟ್‌ಕೇಸಿನಲ್ಲಿದ್ದರೆ ಅದು ಒಳಗೆ ಹೋಗುವ ಮೊದಲೇ ಈ ಕೆಲಸ ಮುಗಿಸಬೇಕು. 799ರಲ್ಲಿ ವ್ಯಾಟ್ ಪಾಲು 127 ಯೂರೋ. ರಿಫಂಡ್ ಕಂಪನಿ ತನ್ನ ಕಮಿಷನ್ ಮುರಿದುಕೊಂಡು ಕೊಡೋದು ಸುಮಾರು 90 ಅಂತ ಅಂಗಡಿಯವರು ಹೇಳಿದರು. ಅಂದರೆ 8,100 ರೂಪಾಯಿ. ಎಲ್ಲ ಕಳೆದು ನಿಂತದ್ದು 66,800. ಇಲ್ಲಿನ ಬೆಲೆಗಿಂತ 1,700 ಕಮ್ಮಿ. ಇಷ್ಟಕ್ಕಾಗಿಯೇ ಇಷ್ಟೆಲ್ಲ?

ಹಾಗಾದರೆ ಫೋನ್ ಅಲ್ಲಿ ಅಷ್ಟು ಅಗ್ಗ ಅಂತಾರಲ್ಲ ಅಂತ ಕೇಳಬಹುದು. ಅದರ ಗುಟ್ಟು ಸುಂಕದಲ್ಲಿದೆ. ಭಾರತ 1997ರಲ್ಲಿ ಸೇರಿಕೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದಾಗಿ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳ ಮೇಲೆ ಮೂಲ ಆಮದು ಸುಂಕ ಸೊನ್ನೆ. ಉಳಿಯೋದು 18 ಪರ್ಸೆಂಟ್ ಜಿಎಸ್‌ಟಿ. ಜರ್ಮನಿಯ 19ಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವೇನಿದೆ? ಆದರೆ ಹೊರಗಿನಿಂದ ಆಮದಾಗುವ ಫೋನಿನ ಮೇಲೆ ಆಗ 20 ಪರ್ಸೆಂಟ್ ಮೂಲ ಸುಂಕ ಇತ್ತು, 2024ರ ಜುಲೈ ಬಜೆಟ್ಟಿನಲ್ಲಿ ಅದು 15ಕ್ಕೆ ಇಳಿಯಿತು. ದುಬಾರಿ ಫೋನ್ ವಿದೇಶದಲ್ಲಿ ಅಗ್ಗ ಅನ್ನಿಸೋಕೆ ಇದೊಂದು ದೊಡ್ಡ ಕಾರಣ. ಫೋನಿನ ಅನುಭವವನ್ನೇ ಲ್ಯಾಪ್‌ಟಾಪಿಗೂ ಅನ್ವಯಿಸಿಕೊಂಡು ನಮ್ಮ ಜನ ಪಟ್ಟಿ ಕಳಿಸ್ತಾರೆ.

ಫೋನಿಗೂ ತನ್ನದೇ ತಕರಾರುಗಳಿವೆ ಅನ್ನಿ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ.

ನಾನು ಅಂಗಡಿಯಲ್ಲಿ ಕೇಳಿದ ಕೊನೇ ಪ್ರಶ್ನೆ ವಾರಂಟಿಯದು. ಆ ಮಾಡೆಲಿಗೆ ತಯಾರಕರ ವಾರಂಟಿ ಯೂರೋಪಿಗಷ್ಟೇ ಸೀಮಿತ. ಯೂರೋಪಿಯನ್ ಯೂನಿಯನ್ನಿನಲ್ಲಿ ಗ್ರಾಹಕರಿಗೆ ಎರಡು ವರ್ಷದ ಕಾನೂನು ರಕ್ಷಣೆ ಇದೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ವರ್ಷದ ವಾರಂಟಿಗಿಂತ ಅದು ಒಳ್ಳೆಯದೇ. ಆದರೆ ಆ ಹೊಣೆ ಮಾರಿದ ಅಂಗಡಿಯದು. ಸ್ಟುಟ್‌ಗಾರ್ಟ್ ಅಂಗಡಿಯವನ ಹೊಣೆಯನ್ನು ಶಿವಮೊಗ್ಗದ ಹಾಸ್ಟೆಲಿನಲ್ಲಿ ಕೂತು ಹೇಗೆ ವಸೂಲಿ ಮಾಡೋದು? ಕೆಲವು ಕಂಪನಿಗಳು ಕೆಲವು ಮಾಡೆಲಿಗೆ ಅಂತಾರಾಷ್ಟ್ರೀಯ ವಾರಂಟಿ ಕೊಡ್ತವೆ. ಬಿಲ್ ಹಾಕಿಸುವ ಮೊದಲು ಮಾಡೆಲ್ ನಂಬರ್ ಹಿಡಿದು ವಿಚಾರಿಸಬೇಕು.

ಆ ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡಿದೆ. ಲೆಕ್ಕ ಎಲ್ಲ ಬಿಡಿಸಿ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು, "ಲೆಕ್ಕ ಸರಿ ಇರ್ಬೋದು ಕಣೋ. ಆದ್ರೆ ಅಂಗಡಿಗೆ ಬಂದೋರಿಗೆಲ್ಲ ಹೇಳಿಬಿಟ್ಟಿದೀನಿ." ಆ ಮಾತಿಗೆ ಎಕ್ಸೆಲ್ ಶೀಟಿನಲ್ಲಿ ಉತ್ತರ ಇರಲಿಲ್ಲ.

ನನಗೆ ನೆನಪಾದದ್ದು ಅಪ್ಪನದೇ ಒಂದು ಮಾತು. ಹತ್ತು ವರ್ಷದ ಹಿಂದೆ ಚೆನ್ನೈ ಕಡೆಯ ಏಜೆಂಟ್ ಒಬ್ಬ ವಿದೇಶದಿಂದ ಬಂದ ಹಳೇ ಜೆರಾಕ್ಸ್ ಮೆಷಿನ್ ಅರ್ಧ ಬೆಲೆಗೆ ಕೊಡ್ತೀನಿ ಅಂತ ಬೆನ್ನು ಬಿದ್ದಿದ್ದ. ಅಪ್ಪ ಬೇಡ ಅಂದು, ಜಾಸ್ತಿ ದುಡ್ಡು ಕೊಟ್ಟು ಶಿವಮೊಗ್ಗದಲ್ಲಿ ತಗೊಂಡಿದ್ದರು. "ಅಪ್ಪಾ, ಆವಾಗ ನೀವು ಅವನಿಗೆ ಏನಂದಿರಿ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. "ಡ್ರಮ್ ಹೋದ್ರೆ ನೀನು ಬರ್ತೀಯೇನಯ್ಯಾ ಅಂದಿದ್ದೆ."

ಪಕ್ಕದಲ್ಲಿದ್ದ ತಂಗಿ ಆಗ ಬಾಯಿ ಬಿಟ್ಟಳು. "ಅಣ್ಣಾ, ನೀನು ತಂದ್ರೆ ಬೇಡ ಅನ್ನಲ್ಲ. ಆದ್ರೆ ಅಂಗಡೀಲಿ ಟೈಪ್ ಮಾಡಿ ನೋಡಿ ತಗೋಬೇಕು ಅಂತ ನಂಗೆ ಆಸೆ. ನೀ ಬರೋವರೆಗೂ ಕಾಲೇಜಿನ ಲ್ಯಾಬ್ ಇದೆ." ಅವಳ ಲ್ಯಾಪ್‌ಟಾಪ್ ಬಗ್ಗೆ ಅಷ್ಟು ದಿನದಿಂದ ನಾವೆಲ್ಲ ಮಾತಾಡುತ್ತಿದ್ದೆವು, ಅವಳನ್ನು ಯಾರೂ ಕೇಳಿರಲಿಲ್ಲ.

ಅಕ್ಟೋಬರ್ ಕೊನೆಗೆ ವಾಪಸಾದಾಗ ನನ್ನ ಬ್ಯಾಗಿನಲ್ಲಿದ್ದದ್ದು ಆಫೀಸಿನ ಲ್ಯಾಪ್‌ಟಾಪು, ಒಂದಷ್ಟು ಚಾಕೊಲೇಟು. ಕಸ್ಟಮ್ಸ್ ಬಗ್ಗೆಯೂ ಹೇಳಿಬಿಡ್ತೀನಿ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮದಲ್ಲಿ 18 ತುಂಬಿದವರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದಿತ್ತು. ಫೋನು, ವಾಚು ಇತ್ಯಾದಿ ಸೇರಿ ಇನ್ನೂ 50,000 ರೂಪಾಯಿವರೆಗೆ ವಿನಾಯಿತಿ. ಮೀರಿದ ಮೊತ್ತಕ್ಕೆ 38.5 ಪರ್ಸೆಂಟ್. 80,000ದ ಫೋನ್ ತಂದರೆ 30,000ಕ್ಕೆ ಸುಂಕ, ಅಂದರೆ 11,550. ಗಂಡ ಹೆಂಡತಿ ಇಬ್ಬರ ಮಿತಿ ಒಟ್ಟು ಸೇರಿಸೋಕೂ ಆಗುತ್ತಿರಲಿಲ್ಲ. ಇಂಥ ಮಿತಿಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಕಸ್ಟಮ್ಸ್ ಇಲಾಖೆಯ ವೆಬ್‌ಸೈಟ್ ನೋಡಿಕೊಳ್ಳಿ. ಇಲ್ಲಿಂದ ಒಯ್ಯುವ ಲ್ಯಾಪ್‌ಟಾಪಿನ ಬಿಲ್ಲೋ ಆಫೀಸಿನ ಪತ್ರವೋ ಜೊತೆಗಿರಲಿ. ದುಬಾರಿ ಸಾಮಾನಾದರೆ ಹೋಗುವಾಗಲೇ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಬಹುದು. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್ ಅಂದರೆ ಸುಮಾರು 74, ಚಿಂತೆ ಇಲ್ಲ.

ದೀಪಾವಳಿ ಹತ್ತಿರ ಬಂದಾಗ ಅಪ್ಪ, ತಂಗಿ, ನಾನು ಮೂವರೂ ಶಿವಮೊಗ್ಗದ ನೆಹರೂ ರೋಡಿಗೆ ಹೋದೆವು. ತಂಗಿ ಮೂರು ಅಂಗಡಿ ಹತ್ತಿಳಿದು, ಎಂಟು ಹತ್ತು ಕೀಬೋರ್ಡ್ ಕುಟ್ಟಿ ನೋಡಿ, ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾಡೆಲ್ ಬಿಟ್ಟು ಇನ್ನೊಂದನ್ನು ಆರಿಸಿದಳು. ಹಾಸ್ಟೆಲಿನಿಂದ ಕಾಲೇಜಿಗೆ ದಿನಾ ಹೊರಬೇಕಲ್ಲ, ಹಗುರ ಇರೋದು ಬೇಕು ಅಂದಳು. ಬಿಲ್ಲನ್ನು ನಾನು ಜರ್ಮನಿಯ ಭತ್ಯೆಯಲ್ಲಿ ಉಳಿಸಿದ್ದರಿಂದ ಕಟ್ಟಿದೆ. ಚೀಟಿ ದುಡ್ಡು ಅಪ್ಪನ ಅಕೌಂಟಿಗೆ ವಾಪಸ್ ಹೋಯಿತು, ಎರಡನೇ ವರ್ಷದ ಹಾಸ್ಟೆಲ್ ಫೀಸಿಗೆ ಅದೇ ಆಯ್ತು.

ಎಂಟನೇ ತಿಂಗಳಲ್ಲಿ ಅದರ ಚಾರ್ಜಿಂಗ್ ಪೋರ್ಟ್ ಕೈ ಕೊಟ್ಟಿತು. ತಂಗಿ ಸಿಟಿ ಬಸ್ ಹತ್ತಿ ಸರ್ವಿಸ್ ಸೆಂಟರಿಗೆ ಹೋದಳು, ನಾಲ್ಕನೇ ದಿನ ವಾಪಸ್ ತಂದಳು, ಖರ್ಚು ಬಸ್ ಚಾರ್ಜು ಮಾತ್ರ. ನನಗೆ ಈ ವಿಷಯ ಗೊತ್ತಾದದ್ದು ರಿಪೇರಿ ಮುಗಿದ ಮೇಲೆ.

ಈಗ ಯಾರಾದರೂ ಪಟ್ಟಿ ಕಳಿಸಿದರೆ, ಹೊರಡುವ ಗೆಳೆಯರು ಸಲಹೆ ಕೇಳಿದರೆ, ನಾನು ಮೂರು ಪ್ರಶ್ನೆ ಕೇಳ್ತೀನಿ. ಕಾರ್ಡಿನ ಚಾರ್ಜು, ತೆರಿಗೆ, ಸುಂಕ ಎಲ್ಲ ಸೇರಿಸಿ ಎಷ್ಟಾಗುತ್ತೆ? ಕೆಟ್ಟರೆ ರಿಪೇರಿ ಎಲ್ಲಿ? ಬಳಸೋರನ್ನ ಕೇಳಿದ್ರಾ? ಮೂರಕ್ಕೂ ಉತ್ತರ ಸರಿ ಇದ್ದರೆ ಧಾರಾಳವಾಗಿ ತನ್ನಿ. ಇಲ್ಲಿ ಸಿಗದ ಕ್ಯಾಮೆರಾ ಲೆನ್ಸೋ, ಅಂತಾರಾಷ್ಟ್ರೀಯ ವಾರಂಟಿ ಇರುವ ಲ್ಯಾಪ್‌ಟಾಪೋ ಆದರೆ ಬೇಡ ಅನ್ನೋಕೆ ಕಾರಣವಿಲ್ಲ.

ಅಪ್ಪ ಮಾತ್ರ ಅಂಗಡಿಗೆ ಬಂದವರಿಗೆ ತಂಗಿಯ ಲ್ಯಾಪ್‌ಟಾಪನ್ನು ಇವತ್ತಿಗೂ ಪರಿಚಯಿಸೋದು ಹೀಗೆ: "ಮಗ ಜರ್ಮನಿ ದುಡ್ಡಲ್ಲಿ ಕೊಡ್ಸಿದ್ದು." ಅದರಲ್ಲಿ ಸುಳ್ಳೇನಿಲ್ಲ. ಕೇಳಿಸಿಕೊಂಡವರು "ಜರ್ಮನಿಯಿಂದ ತಂದದ್ದು" ಅಂತ ತಿಳಿದುಕೊಳ್ತಾರೆ, ಅಪ್ಪ ತಿದ್ದಲ್ಲ. ನಾನೂ ತಿದ್ದಲ್ಲ.