ಸೂರಿನ ಮರೆಯ ತಂತಿಗಳು

ನಾನು ತಂತಿಗೆಲಸಕ್ಕೆ ಸೇರಿದ ೧೯೭೦ರ ದಶಕದ ಕಡೆಯ ವರ್ಷಗಳಲ್ಲಿ, ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳ ಮನೆಗಳಲ್ಲಿಯೂ ದಂಡಿನ ಪ್ರದೇಶದ ಹಳೆಯ ಕಚೇರಿಗಳಲ್ಲಿಯೂ ವಿದ್ಯುತ್ತು ಹರಿಯುವ ದಾರಿಯು ಬಹುಮಟ್ಟಿಗೆ ಎಲ್ಲರ ಕಣ್ಣಿಗೂ ಗೋಚರವಾಗಿಯೇ ಇದ್ದಿತು. ಸಾಗುವಾನಿಯ ರೀಪನ್ನು ರಸಮಟ್ಟ ಹಿಡಿದು ಗೋಡೆಗೆ ಬಿಗಿದು, ಅಡ್ಡ ಓಟದಲ್ಲಿ ೧೦ ಸೆಂಟಿಮೀಟರಿಗೆ, ಲಂಬ ಓಟದಲ್ಲಿ ೧೫ ಸೆಂಟಿಮೀಟರಿಗೆ ಒಂದೊಂದರಂತೆ ತಗಡಿನ ಕ್ಲಿಪ್ಪುಗಳನ್ನು ಸಣ್ಣ ಮೊಳೆಗಳಿಂದ ಜಡಿದು, ತಂತಿಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ ಕ್ಲಿಪ್ಪನ್ನು ಮಡಿಸಿದ ಮೇಲೆ, ಎಲ್ಲಿಯಾದರೂ ಒಂದೆಳೆ ಜೋತು ಕಂಡರೆ ನಮ್ಮ ಮೇಸ್ತ್ರಿಗಳು ಇಡೀ ಸಾಲನ್ನೇ ಬಿಚ್ಚಿಸುತ್ತಿದ್ದರು. ಮನೆಯ ಯಜಮಾನರು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಆ ಗೆರೆಯ ಋಜುತ್ವದಲ್ಲಿ ಕೆಲಸಗಾರನ ಮಾನವಿದ್ದಿತು. ತರುವಾಯ ಕಾಂಕ್ರೀಟಿನ ಒಳಗೆ ಕೊಳವೆ ಹುದುಗಿಸುವ ಪದ್ಧತಿ ಬಂದು ತಂತಿಗಳು ಮರೆಯಾದುವು. ಆದರೂ ಕೊಳವೆಯು ಅವುಗಳಿಗೆ ಭದ್ರವಾದ ಆಶ್ರಯವನ್ನೇ ಕೊಟ್ಟಿತು.

ನಿಜವಾದ ಪಲ್ಲಟವು ಫಾಲ್ಸ್ ಸೀಲಿಂಗಿನಿಂದ ಉಂಟಾಯಿತು. ಹವಾನಿಯಂತ್ರಣದ ನಾಳಗಳನ್ನು ಮುಚ್ಚುವುದಕ್ಕಾಗಿ, ಮೇಲ್ಚಾವಣಿಯಿಂದ ತೆಳುವಾದ ಕಂಬಿಗಳನ್ನು ಇಳಿಬಿಟ್ಟು, ಲೋಹದ ಚೌಕಟ್ಟು ತೂಗಿಸಿ, ೬೦೦ ಮಿಲಿಮೀಟರು ಚದರದ ಹಗುರವಾದ ಹಲಗೆಗಳನ್ನು ಅದರಲ್ಲಿ ಕೂರಿಸುವ ಈ ಕ್ರಮವು, ೧೯೯೦ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡಿನವರೆಗೆ ಗಣಕಯಂತ್ರದ ಕಚೇರಿಗಳು ಏಳತೊಡಗಿದಂತೆ ಸರ್ವತ್ರ ವ್ಯಾಪಿಸಿತು. ಒಂದೊಂದು ಮೇಜಿಗೂ ವಿದ್ಯುತ್ತು, ದೂರವಾಣಿ, ಗಣಕಜಾಲ ಎಂದು ಬೇರೆ ಬೇರೆ ತಂತಿಗಳು ಬೇಕಾದುವು. ಕಟ್ಟಡವನ್ನು ಒಪ್ಪಿಸುವ ಗಡುವು ಮಾತ್ರ ಕಿರಿದಾಗುತ್ತ ಹೋಯಿತು. ಆಗ ಹಲಗೆಯ ಮೇಲೆಯೇ ಕೇಬಲ್ಲನ್ನು ಎಸೆದು ಹೋಗುವುದೂ, ಸೂರನ್ನು ಹಿಡಿದಿರುವ ಕಂಬಿಗೇ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟುವುದೂ, ಅದೂ ದೊರೆಯದ ಕಡೆ ಬೆಂಕಿ ನಂದಿಸುವ ನೀರಿನ ಕೊಳವೆಗೆ ಜೋಲಿಸುವುದೂ ರೂಢಿಯಾಯಿತು. ಒಂದು ಕಚೇರಿಯಲ್ಲಿ, ಸೋರುವ ಕೊಳವೆಯನ್ನು ಹುಡುಕಲು ಬಂದವನೊಬ್ಬನು ಹಲಗೆಯೊಂದನ್ನು ಸರಿಸಿದೊಡನೆ ಅದರ ಮೇಲೆ ಒರಗಿದ್ದ ತಂತಿಯ ಹೊರೆಯೆಲ್ಲ ಜಾರಿ, ಚೌಕಟ್ಟಿನ ಒಂದು ಭಾಗವನ್ನೇ ಎಳೆದುಕೊಂಡು ಮೇಜುಗಳ ಮೇಲೆ ಬಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊಟದ ಹೊತ್ತಾದುದರಿಂದ ಕೆಳಗೆ ಯಾರೂ ಇರಲಿಲ್ಲ.

ಇಷ್ಟಾದರೂ ನಮ್ಮಲ್ಲಿ ಬಹುಮಂದಿ ತಂತಿಯ ಆಧಾರವನ್ನು ಅಂದಚೆಂದದ ಪ್ರಶ್ನೆಯೆಂದೇ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ಬುಡಮೇಲು ಮಾಡಿದುದು ೨೦೧೦ನೆಯ ವರ್ಷ. ಆ ವರ್ಷದ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ವಿದ್ಯುತ್ ನಾಳದಲ್ಲಿ ಹುಟ್ಟಿದ ಹೊಗೆಯು ಮಹಡಿಯಿಂದ ಮಹಡಿಗೆ ಏರಿ, ಒಂಬತ್ತು ಜನರು ಪ್ರಾಣ ಕಳೆದುಕೊಂಡರು. ಏಪ್ರಿಲ್ ೬ರಂದು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶರ್ಲಿ ಟವರ್ಸ್ ಎಂಬ ವಸತಿ ಗೋಪುರದಲ್ಲಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರಿಬ್ಬರು ಮಡಿದರು. ಪ್ಲಾಸ್ಟಿಕ್ಕಿನ ಆಧಾರಗಳು ಕಾವಿಗೆ ಕರಗಿ, ಆಲದ ಬಿಳಲುಗಳಂತೆ ಇಳಿಬಿದ್ದ ತಂತಿಗಳು, ಕಣ್ಣು ಕಾಣದ ಆ ಹೊಗೆಯಲ್ಲಿ ಅಲ್ಲಿದ್ದವರ ಚಲನೆಗೆ ತೊಡಕಾದುವು. ೨೦೦೫ರಲ್ಲಿ ಅದೇ ದೇಶದ ಸ್ಟೀವನೇಜಿನ ಹ್ಯಾರೋ ಕೋರ್ಟ್ ಎಂಬ ವಸತಿ ಗೋಪುರದ ಬೆಂಕಿಯಲ್ಲಿಯೂ ಇದೇ ಬಗೆಯ ತೊಡಕು ಕಂಡುಬಂದಿದ್ದಿತು. ಅಂತಹ ಕೋಣೆಯೊಳಗೆ ಇನ್ನೊಬ್ಬರನ್ನು ಉಳಿಸಲೆಂದು ಬಗ್ಗಿ ತೆವಳುವ ಮನುಷ್ಯನ ಬೆನ್ನಿನ ಮೇಲಿನ ಉಸಿರಿನ ಸಿಲಿಂಡರಿಗೆ ನಾವು ಕಟ್ಟಿದ ತಂತಿ ಸಿಕ್ಕಿಹಾಕಿಕೊಳ್ಳಬಹುದೆಂಬ ಯೋಚನೆ, ಅದುವರೆಗೆ ನಮ್ಮ ಯಾವ ಅಂದಾಜುಪಟ್ಟಿಯಲ್ಲಿಯೂ ಸುಳಿದಿರಲಿಲ್ಲ.

ಬ್ರಿಟನ್ನಿನ ವೈರಿಂಗ್ ನಿಯಮಾವಳಿಯಾದ ಬಿ.ಎಸ್. ೭೬೭೧, ಬೆಂಕಿಯಲ್ಲಿ ತಂತಿಗಳು ಅಕಾಲದಲ್ಲಿ ಕುಸಿಯದಂತೆ ಆಧಾರ ಕೊಡತಕ್ಕದ್ದೆಂಬುದನ್ನು ೨೦೧೫ರ ತಿದ್ದುಪಡಿಯಲ್ಲಿ ಪಾರಾಗುವ ಮಾರ್ಗಗಳಿಗೂ, ೨೦೧೮ರ ಆವೃತ್ತಿಯಲ್ಲಿ ಕಟ್ಟಡದ ಎಲ್ಲ ಭಾಗಗಳಿಗೂ ವಿಧಿಸಿತು. ಹೊರದೇಶದ ಕಂಪನಿಗಳ ನಕ್ಷೆಗಳೊಡನೆ ಆ ನಿಯಮವು ನಮ್ಮ ಕೈಗೂ ಬಂದಿತು. ಅದರ ಕಾರಣ ಸರಳವಾದುದು: ಪಿ.ವಿ.ಸಿ. ಸುಮಾರು ೮೦ ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ನೈಲಾನಿನ ಪಟ್ಟಿ ೨೬೦ರ ಆಸುಪಾಸಿನಲ್ಲಿ ಕರಗುತ್ತದೆ, ಹೊತ್ತಿ ಉರಿಯುವ ಕೋಣೆಯ ಸೂರಿನಡಿಯ ಬಿಸಿಗಾಳಿಯಾದರೋ ೫೦೦ನ್ನು ದಾಟುತ್ತದೆ. ಆದುದರಿಂದ ತಂತಿಯ ಭಾರವು ಕೊನೆಗೆ ಲೋಹದ ಮೇಲೆಯೇ ನಿಲ್ಲಬೇಕು. ಸಮತಲವಾದ ಟ್ರೇಯ ಮೇಲೆ ಮಲಗಿಸಿದ ಕೇಬಲ್ಲನ್ನು ಅಂದಕ್ಕಾಗಿ ಪ್ಲಾಸ್ಟಿಕ್ಕಿನಿಂದ ಕಟ್ಟಿದರೆ ಅಡ್ಡಿಯಿಲ್ಲ, ಏಕೆಂದರೆ ಪಟ್ಟಿ ಕರಗಿದರೂ ಟ್ರೇ ಹೊರುತ್ತದೆ. ಅದೇ ಕೇಬಲ್ಲನ್ನು ಟ್ರೇಯ ಕೆಳಮೈಗೆ ಕಟ್ಟಿದಲ್ಲಿ ಉಕ್ಕಿನ ಹಿಡಿಯೇ ಆಗಬೇಕು. ಬರಿಯ ಉಕ್ಕಿನ ಪಟ್ಟಿಯ ಅಂಚು ಹೊದಿಕೆಯನ್ನು ಕೊಯ್ಯುವ ಭಯವಿರುವುದರಿಂದ, ಮೇಲೆ ಲೇಪನವುಳ್ಳ ಕ್ಲಿಪ್ಪುಗಳನ್ನು ನಾವು ಆರಿಸಿಕೊಂಡೆವು.

ಆಮೇಲಿನ ನನ್ನ ಕೆಲಸಗಳಲ್ಲಿ, ಕಾಂಕ್ರೀಟಿಗೆ ಆ್ಯಂಕರು ಹೊಡೆದು ತಿರುಪಿನ ಸುತ್ತುಗಳುಳ್ಳ ಕಡ್ಡಿಗಳನ್ನು ಇಳಿಸಿ, ಸೂರಿನ ಚೌಕಟ್ಟಿಗೆ ಯಾವ ಸಂಬಂಧವೂ ಇಲ್ಲದಂತೆ ಟ್ರೇ ತೂಗಿಸಿ, ಅದನ್ನು ಅರ್ತಿಂಗಿಗೆ ಜೋಡಿಸಿ, ಗೋಡೆ ತೂರಿದ ರಂಧ್ರಗಳನ್ನು ಬೆಂಕಿತಡೆಯ ಸಾಮಗ್ರಿಯಿಂದ ಮುಚ್ಚಿದಲ್ಲದೆ ಹಲಗೆ ಕೂರಿಸಲು ಬಿಡುತ್ತಿರಲಿಲ್ಲ. ಸೂರನ್ನೆಲ್ಲ ಕಳಚಿಬಿಟ್ಟರೂ ತಂತಿಗಳು ಇದ್ದಲ್ಲಿಯೇ ಇರಬೇಕೆಂಬುದೇ ನನ್ನ ಪರೀಕ್ಷೆ. ಹುಡುಗರು ಇದನ್ನು ಬೇಗನೆ ಕಲಿತರು. ಟ್ರೇಯ ಮೇಲೆ ಕೇಬಲ್ಲುಗಳನ್ನು ಓರಣವಾಗಿ ಹಾಸುವುದರಲ್ಲಿ ಅವರು ತೋರಿದ ಶ್ರದ್ಧೆಯು ಹಳೆಯ ರೀಪಿನ ಕಾಲದವರಿಗಿಂತ ಕಡಿಮೆಯದಾಗಿರಲಿಲ್ಲ.

ಉಳಿದ ತೊಂದರೆಯೆಂದರೆ ನಿರುಪಯೋಗಿ ತಂತಿಗಳದು. ಬಾಡಿಗೆದಾರರು ಬದಲಾದಂತೆಲ್ಲ ಹೊಸ ಕೇಬಲ್ಲು ಸೇರುತ್ತದೆ, ಹಳೆಯದು ಅಲ್ಲಿಯೇ ಕೊಳೆಯುತ್ತದೆ. ಬೆಂಕಿಗೆ ಅದೂ ಇಂಧನ, ಆಧಾರಕ್ಕೆ ಅದೂ ಭಾರ. ಟೆಂಡರಿನಲ್ಲಿ ಹೊಸ ತಂತಿಗೆ ಮೀಟರಿನ ಲೆಕ್ಕದಲ್ಲಿ ದರವಿರುವಂತೆ ಹಳೆಯದನ್ನು ತೆಗೆಯುವುದಕ್ಕೂ ಪ್ರತ್ಯೇಕ ಬಾಬು ಇರಲೇಬೇಕೆಂದು ನಾನು ಕೆಲಸದಿಂದ ನಿವೃತ್ತನಾಗುವವರೆಗೂ ವಾದಿಸಿದೆನು. ಕೆಲವರು ಸೇರಿಸಿದರು, ಬಹುಮಂದಿ ಸೇರಿಸಲಿಲ್ಲ.