ನೂರಕ್ಕೆ ನೂರ ಅರವತ್ತು

ಕಠ್ಮಂಡು

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಪಶುಪತಿನಾಥನ ದರ್ಶನವಾಯಿತು. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರೇ ಎಂದು ಚಿಕ್ಕಮ್ಮನಿಗೆ ಹೇಳಿ, ಖುಷಿಪಟ್ಟಾರು. ದೇವಸ್ಥಾನದ ಸಂಗತಿಯನ್ನು ಅವರಿಗೇ ಬೇರೆ ಬರೆಯುತ್ತೇನೆ. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದ ನಿಮಗೆ ಬೇಕಾದದ್ದು ಇಲ್ಲಿನ ದುಡ್ಡಿನ ಸುದ್ದಿ ತಾನೆ?

ಠಮೇಲ್ ಬೀದಿಯಲ್ಲಿ ಎಲ್ಲಿ ನೋಡಿದರೂ ಹಣ ಬದಲಾಯಿಸುವ ಅಂಗಡಿ. ಬೆಳಿಗ್ಗೆ ಒಂದರ ಮುಂದೆ ಹುಡುಗನೊಬ್ಬ ಕೈಯಲ್ಲಿ ಮೊಬೈಲ್ ಹಿಡಿದು ಬೋರ್ಡಿನ ಅಂಕಿಗಳನ್ನು ಒಂದೊಂದಾಗಿ ಒರೆಸಿ ಬರೆಯುತ್ತಿದ್ದ. ಡಾಲರ್, ಯೂರೋ, ಪೌಂಡ್ ಒಂದಕ್ಕೆ ಇಷ್ಟು. ಜಪಾನಿನ ಯೆನ್ ಹತ್ತಕ್ಕೆ ಇಷ್ಟು. ಕೊರಿಯಾದ ವೋನ್ ನೂರಕ್ಕೆ ಇಷ್ಟು. ಭಾರತದ ಸಾಲು ಬಂದಾಗ ಬಟ್ಟೆ ಮುಟ್ಟಿಸದೆ ಮುಂದೆ ಹೋದ. ಅಲ್ಲಿ ಬರೆದದ್ದು ಪೇಂಟಿನಲ್ಲಿ! ನೇಪಾಳ ರಾಷ್ಟ್ರ ಬ್ಯಾಂಕ್ ದಿನವೂ ಹೊರಡಿಸುವ ಪಟ್ಟಿಯಲ್ಲೂ ನಮ್ಮ ನೂರು ರೂಪಾಯಿಗೆ ಕೊಳ್ಳುವ ದರ 160.00, ಮಾರುವ ದರ 160.15. 1993ರ ಫೆಬ್ರವರಿಯಿಂದ ಈ 1.60ರ ಲೆಕ್ಕ ಅಲುಗಿಲ್ಲ.

ಹಾಗಂತ ಇಲ್ಲಿನ ರೂಪಾಯಿ ಗಟ್ಟಿಯಾಗಿ ನಿಂತಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಡಾಲರ್ 85 ಆದರೆ ಇಲ್ಲಿ ಹೆಚ್ಚುಕಡಿಮೆ 136. ನಮ್ಮದು 90 ಆದರೆ ಇವರದು 144. ಮುಂಬೈ ಮಾರುಕಟ್ಟೆಯಲ್ಲಿ ನಮ್ಮ ರೂಪಾಯಿ ಜಾರಿದರೆ ಇವರದೂ ಜೊತೆಗೇ ಜಾರುತ್ತದೆ.

ನಮ್ಮಲ್ಲಿ ಡಾಲರಿನ ದಿನದ ಉಲ್ಲೇಖ ದರವನ್ನು ನಿಮ್ಮ ಕಾಲದಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿತ್ತು. 2018ರ ಜುಲೈಯಿಂದ ಆ ಕೆಲಸ ಎಫ್‌ಬಿಐಎಲ್ ಎಂಬ ಸಂಸ್ಥೆಯದು. ಬ್ಯಾಂಕುಗಳು ತಮ್ಮೊಳಗೆ ನಿಜಕ್ಕೂ ಮಾಡಿದ ಡಾಲರ್ ವ್ಯಾಪಾರವನ್ನು ಹಿಡಿದು ಸರಾಸರಿ ತೆಗೆಯುತ್ತಾರೆ. ಶಿರಸಿಯ ಅಡಿಕೆ ಟೆಂಡರಿನ ಸರಾಸರಿ ಪೇಪರಿನಲ್ಲಿ ಬರುತ್ತದಲ್ಲ, ನಮ್ಮ ಚೀಲಕ್ಕೆ ಮಾತ್ರ ಆ ದರ ಎಂದೂ ಸಿಗುವುದಿಲ್ಲವಲ್ಲ, ಇದೂ ಅಂಥದ್ದೇ. ಕೌಂಟರಿನಲ್ಲಿ ನಿಂತವನಿಗೆ ಅದರ ಆಚೀಚೆಯ ದರವೇ ಗತಿ.

ನಮ್ಮ ರೂಪಾಯಿಯ ಜೊತೆ ತನ್ನದೂ ಜಾರಿದರೂ ನೇಪಾಳ ಅದರ ಬೆನ್ನು ಬಿಟ್ಟಿಲ್ಲ. ಗಡಿ ತೆರೆದೇ ಇದೆ, ಸಾಮಾನು ಬರುವುದು ಹೆಚ್ಚಾಗಿ ನಮ್ಮಿಂದ. ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುವವರು ಕಳಿಸಿದ ವಿದೇಶಿ ಹಣವಿದೆ; ಅದರ ಬಲದಿಂದ ಇಲ್ಲಿನ ರಾಷ್ಟ್ರ ಬ್ಯಾಂಕ್ ಡಾಲರ್ ಮಾರಿ ಭಾರತದ ರೂಪಾಯಿ ಕೊಳ್ಳುತ್ತದೆ. ಒಮ್ಮೆ ಬೆನ್ನು ಬಿಟ್ಟು ನೋಡಿದ್ದೂ ಉಂಟು. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ಡಾಲರಿನ ದರವನ್ನು 4.76ರಿಂದ 7.50ಕ್ಕೆ ಏರಿಸಿ ರೂಪಾಯಿ ಅಪಮೌಲ್ಯ ಮಾಡಿದಾಗ ನೇಪಾಳ ಜೊತೆಗೆ ಇಳಿಯಲಿಲ್ಲ. ನಮ್ಮ ನೂರು ಇಲ್ಲಿ 101ಕ್ಕೆ ಬಂತು. ಆ ಜಂಭ ಬಹಳ ದಿನ ನಡೆಯಲಿಲ್ಲ. 1967ರ ಡಿಸೆಂಬರಿನಲ್ಲಿ ತಾವೂ ಅಪಮೌಲ್ಯ ಮಾಡಿ 135ಕ್ಕೆ ಬಂದರು.

ನನ್ನ ಕೇಳಿದರೆ, ಹಣದ ಬೆಲೆ ತಿಳಿಯಲು ಬೋರ್ಡು ಸಾಲದು. ಒಂದು ಪ್ಲೇಟ್ ತರಕಾರಿ ಮೊಮೊ ತಿಂದೆ, 200 ನೇಪಾಳಿ ರೂಪಾಯಿ, ಅಂದರೆ ನಮ್ಮ 125. ದರ ಕಟ್ಟಿಹಾಕಿರುವಾಗ ಇಲ್ಲಿನ ಬೆಲೆಗಳು ನಮ್ಮಲ್ಲಿಗಿಂತ ಬೇಗ ಏರಿದರೆ, 1.60 ಹಾಗೇ ಇದ್ದರೂ ನೇಪಾಳಿ ರೂಪಾಯಿ ನಮಗೆ ತುಟ್ಟಿಯಾದಂತೆಯೇ. ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳ ಎದುರು ನಮ್ಮ ರೂಪಾಯಿಯ ‘ನೈಜ’ ಸೂಚ್ಯಂಕ ಲೆಕ್ಕ ಹಾಕುವಾಗ ಹಣದುಬ್ಬರವನ್ನೂ ಸೇರಿಸುವುದು ಇದಕ್ಕೇ. ಟಿವಿಯವರು ಡಾಲರ್ ದರ ಒಂದನ್ನೇ ಹಿಡಿದು ಬೊಬ್ಬೆ ಹೊಡೆಯುವುದು ಅರ್ಧ ಲೆಕ್ಕ.

ವೈಶಾಖದಲ್ಲಿ ನೀವಿಬ್ಬರೂ ಬರುವುದಾದರೆ ನೂರರ ನೋಟನ್ನೇ ಕಟ್ಟಿಕೊಂಡು ಬನ್ನಿ. 2018ರ ಡಿಸೆಂಬರಿನಲ್ಲಿ ಅದಕ್ಕಿಂತ ದೊಡ್ಡ ನಮ್ಮ ನೋಟುಗಳನ್ನು ಇಲ್ಲಿ ನಿಷೇಧಿಸಿದ್ದರು. ಹೊರಡುವ ಮುಂಚೆ ಈಗಿನ ನಿಯಮವನ್ನು ವಿಚಾರಿಸಿಕೊಳ್ಳಿ. ಟ್ಯಾಕ್ಸಿಯವನು ರೇಟು ಹೇಳಿದ ಕೂಡಲೇ ‘ಐಸಿಯಾ, ಎನ್‌ಸಿಯಾ’ ಎಂದು ಕೇಳಿ, ಭಾರತದ್ದೋ ನೇಪಾಳದ್ದೋ ಗೊತ್ತುಮಾಡಿಕೊಂಡೇ ಹತ್ತಿ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಮಗ