ಚರ್ಮದೊಳಗೇ ನಿಲ್ಲಬೇಕಾದ ಔಷಧ

ಚರ್ಮದ ಕೋಶವೊಂದು ತಳದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ಎದ್ದ ಕಡೆ ಈ ಪಯಣ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು, ಕೆಂಪು ಕಲೆಯ ಮೇಲೆ ಬೆಳ್ಳಿಬಣ್ಣದ ಹೊಟ್ಟು ಏಳುತ್ತದೆ. ಇದು ಅಂಟುರೋಗವಲ್ಲ. ಆದರೂ ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಾರೆ.

ಕಾಯಿಲೆ ಕಣ್ಣೆದುರೇ ಇದೆ, ಮುಲಾಮು ಹಚ್ಚಿದರಾಯಿತು ಅನ್ನಿಸಬಹುದು. ಆದರೆ ಹೊರಗಿನದನ್ನು ಒಳಗೆ ಬಿಡದಿರುವುದೇ ಚರ್ಮದ ಕೆಲಸ. ಅದರ ತೀರಾ ಮೇಲಿನ ಪದರ ಸತ್ತ ಕೋಶಗಳ ಇಟ್ಟಿಗೆಗಳನ್ನು ಕೊಬ್ಬಿನ ಗಾರೆ ಹಾಕಿ ಕಟ್ಟಿದ ಗೋಡೆಯಂತೆ. 500 ಡಾಲ್ಟನ್‌ಗಿಂತ ಭಾರದ ಅಣುಗಳು ಅದನ್ನು ದಾಟುವುದು ಕಷ್ಟ. ಮೆಥೊಟ್ರೆಕ್ಸೇಟ್ 454 ಡಾಲ್ಟನ್ ಅಷ್ಟೇ. ಆದರೆ ಅದು ನೀರಿಗೆ ಒಲಿದ ಅಣು, ಕೊಬ್ಬಿನ ಗಾರೆ ಅದನ್ನು ತಡೆಯುತ್ತದೆ. ಮಾತ್ರೆಯಾಗಿ ನುಂಗಿದರೆ ಗುಣ ಕೊಡುತ್ತದೆ, ಆದರೆ ಯಕೃತ್ತು ಮತ್ತು ಮೂಳೆಮಜ್ಜೆಯ ಮೇಲೆ ಕಣ್ಣಿಟ್ಟಿರಬೇಕು.

ಒಳಹೋಗುವ ಔಷಧದ್ದು ಬೇರೆ ತಕರಾರು. ಬ್ರೆಜಿಲ್‌ನ ಮರವೊಂದರಿಂದ ಬರುವ ಪುಡಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದು, 'ಗೋವಾ ಪುಡಿ' ಎಂಬ ಹೆಸರಿನಲ್ಲಿ ಹುಳುಕಡ್ಡಿಗೆ ಮದ್ದಾಗಿತ್ತು. ಅದು ಸೋರಿಯಾಸಿಸ್‌ಗೂ ಆಗುತ್ತದೆಂದು ಲಂಡನ್ನಿನ ವೈದ್ಯ ಬಲ್ಮನ್ನೋ ಸ್ಕ್ವೈರ್ 1876ರಲ್ಲಿ ಕಂಡುಕೊಂಡ. ಅದರ ಬದಲಿಗೆ 1916ರಲ್ಲಿ ಜರ್ಮನಿಯಲ್ಲಿ ಡಿಥ್ರನಾಲ್ ಬಂತು. ಗುಣವೇನೋ ಇತ್ತು, ಆದರೆ ಸುತ್ತಲಿನ ಒಳ್ಳೆಯ ಚರ್ಮ ಉರಿಯುತ್ತಿತ್ತು, ಬಟ್ಟೆ ಹಾಸಿಗೆಗೆಲ್ಲ ಹೋಗದ ಕಲೆ ಹಿಡಿಯುತ್ತಿತ್ತು.

ಹೊಸ ಅಣು ಹುಡುಕುವುದಕ್ಕಿಂತ ಹಳೆಯದಕ್ಕೆ ಒಳ್ಳೆಯ ವಾಹನ ಕಟ್ಟೋಣ ಎಂಬ ಯೋಚನೆಗೆ ಇಲ್ಲಿ ಬೆಲೆ ಬರುತ್ತದೆ. ಅಹಮದಾಬಾದ್‌ನಲ್ಲಿ 1947ರಲ್ಲೇ ಎಲ್.ಎಂ. ಫಾರ್ಮಸಿ ಕಾಲೇಜು ಶುರುವಾಯಿತು. ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಅಂಬಿಕಾನಂದನ್ ಮಿಶ್ರಾ ಅವರ ತಂಡ ವರ್ಷಗಟ್ಟಲೆ ಲಿಪೊಸೋಮ್‌ಗಳ ಮೇಲೆ ದುಡಿದಿದೆ. ಲಿಪೊಸೋಮ್ ಎಂದರೆ ಕೊಬ್ಬಿನ ಪೊರೆಯ ಅತಿಸಣ್ಣ ಚೀಲ. ಅದರಲ್ಲಿ ತುಂಬಿದ ಔಷಧ ಗಾರೆಯೊಂದಿಗೆ ಹೊಂದಿಕೊಂಡು ನಿಧಾನವಾಗಿ ಬಿಡುಗಡೆಯಾಗಲಿ ಎಂಬುದು ಆಸೆ.

ಇದನ್ನು ಪರೀಕ್ಷಿಸಲು ಫ್ರಾಂಜ್ ಸೆಲ್ ಎಂಬ ಗಾಜಿನ ಪಾತ್ರೆ ಇದೆ. ಎರಡು ಕೋಣೆಗಳ ನಡುವೆ ಹಂದಿಯ ಅಥವಾ ಇಲಿಯ ಚರ್ಮದ ತುಂಡು, ಮೇಲೆ ಮುಲಾಮು, ಕೆಳಗೆ ದ್ರವ. ಕೆಳಗಿನ ದ್ರವದಲ್ಲಿ ಹೆಚ್ಚು ಔಷಧ ಸಿಕ್ಕಿತೆಂದರೆ ಗೆದ್ದೆವು ಅಂತಲ್ಲ. ಅದು ರಕ್ತಕ್ಕೆ ಸೇರಬಹುದಾದ ಪಾಲು. ಸೋರಿಯಾಸಿಸ್‌ಗೆ ಬೇಕಿರುವುದು ಚರ್ಮದ ತುಂಡಿನಲ್ಲೇ ಉಳಿದ ಪಾಲು.

ಆ ಪಾತ್ರೆ ಅಳೆಯದ ಒಂದು ಸಂಗತಿಯಿದೆ. ಸೂರತ್‌ನ ಕಡಲಸೆಕೆಯಲ್ಲಿ, ಮಗ್ಗಗಳ ನಡುವೆ ಹತ್ತಾರು ಗಂಟೆ ನಿಲ್ಲುವವರಿಗೆ ಜಿಡ್ಡು ಮುಲಾಮೆಂದರೆ ಬೆವರು, ಅಂಟು, ಅಂಗಿಯ ಕಲೆ. ಎರಡು ಅಂಗೈಯಗಲಕ್ಕೆ ಸುಮಾರು ಅರ್ಧ ಗ್ರಾಂ ಬೇಕು. ಬೆನ್ನು, ಮೊಣಕಾಲಿಗೆಲ್ಲ ಹಚ್ಚುವಾಗ ಟ್ಯೂಬು ಬೇಗ ಖಾಲಿಯಾಗುತ್ತದೆ, ಬೇಸರವೂ ಬೇಗ ಬರುತ್ತದೆ. ಬಿಟ್ಟುಬಿಟ್ಟ ಮುಲಾಮಿನಿಂದ ಯಾವ ಚೀಲವೂ ಔಷಧ ಒಯ್ಯಲಾರದು. ಹಾಗಾಗಿ ತೊಳೆದರೆ ಹೋಗುವ, ಜಿಡ್ಡಿಲ್ಲದ ಜೆಲ್ ಮಾಡುವ ಕೆಲಸ ಸೌಂದರ್ಯವರ್ಧನೆಯಲ್ಲ, ಚಿಕಿತ್ಸೆಯದೇ ಭಾಗ.